ಗಜೇಂದ್ರಗಡದ ಗರಸು ದಾರಿಗೆ ಯಾವ ಟೈರ್?

ರೋಣದಿಂದ ಮಾತಾಡ್ತಾ ಇದೀನಿ. ಇವತ್ತು ಸೈಕಲ್ ಟೈರಿನ ವಿಷಯ. ನಗಬ್ಯಾಡ್ರಿ, ಹೋದ ವರ್ಷ ತಪ್ಪು ಟೈರ್ ಹಾಕ್ಕೊಂಡು ಹೋಗಿ, ಏಪ್ರಿಲ್ ಬಿಸಿಲಾಗ 11 ಕಿಲೋಮೀಟರ್ ಸೈಕಲ್ ನೂಕ್ಕೋತ ಬಂದವ ನಾನು.

ದಾರಿ ಹೇಳ್ತೀನಿ. ರೋಣದಿಂದ ಸೂಡಿ ಮೇಲೆ ಗಜೇಂದ್ರಗಡ, ಅಲ್ಲೀತನಕ ಡಾಂಬರು. ಆಮೇಲೆ ಗುಡ್ಡದ ಮೇಲೆ ಗಾಳಿಯಂತ್ರಗಳ ನಡುವಿನ ಗರಸು ದಾರಿ. ಉದ್ದುದ್ದ ರೆಕ್ಕೆ ಹೊತ್ತ ಲಾರಿ ತಿರುಗಬೇಕಲ್ಲ, ಹಂಗಾಗಿ ಅಗಲ ಐತಿ. ಆದ್ರೆ ಮೇಲೆಲ್ಲ ಸಡಿಲ ಕಲ್ಲು. ಇಳಿದು ಬರುವಾಗ ಹೊಲದ ಎರಿ ದಾರಿ.

ನನ್ನದು 28 ಎಂಎಂ ಟೈರ್, ಹವಾ 90 ಪಿಎಸ್ಐ. ಡಾಂಬರಿನ ಮ್ಯಾಲ ಹಾರಿಕೋತ ಹೋದೆ. ಗುಡ್ಡದಾಗ ಕೈ ಜುಮ್ ಅನ್ನಾಕತ್ತವು, ತಿರುವಿನಾಗ ಹಿಂದಿನ ಗಾಲಿ ಜಾರಿತು. ಕಡೀಕ ಚೂಪು ಕಲ್ಲು ಬಡಿದು ಟೈರಿನ ಮಗ್ಗಲು ಹರೀತು.

ಕೆಳಗಿನ ಊರಿನ ಪಂಚರ್ ಅಂಗಡಿ ಕಾಕಾ, "ತಮ್ಮಾ, 28 ಇಂಚಿಂದು ಐತಿ, ಹಾಕಿ ನೋಡೂಣು" ಅಂದ್ರು. ನೋಡಾಕ ಅಷ್ಟೇ ದೊಡ್ಡದು, ಆದ್ರೆ ರಿಮ್ಮಿಗೆ ಕೂಡಲೇ ಇಲ್ಲ. ನಮ್ಮಪ್ಪಂದಿರು ಹೊಡೀತಿದ್ದ ಹಳೇ ಸೈಕಲ್ಲಿನ 28×1½ ಟೈರಿನ ಒಳ ಅಳತೆ 635 ಎಂಎಂ, ನನ್ನ 700ಸಿ ಟೈರಿಂದು 622. ಈ ಮೂರಂಕಿ ಟೈರಿನ ಮಗ್ಗಲಿಗೇ ಸಣ್ಣದಾಗಿ ಬರೆದಿರ್ತದೆ. ಈಗಲೇ ಒಂದು ಫೋಟೋ ತಗೊಂಡು ಇಟ್ಕೊಳ್ರಿ.

ಈಗ ನಾನು 40 ಎಂಎಂ ಹಾಕೀನಿ. ನಡುವೆ ನುಣುಪು, ಅಂಚಿಗೆ ಸಣ್ಣ ಗುಬುಟು. ನನ್ನ ತೂಕ 68 ಕೆಜಿ. ಮುಂದೆ 38, ಹಿಂದೆ 42 ಪಿಎಸ್ಐ. ಟೈರ್ ಮೇಲೆ ಬರೆದಿರೋದು ಗರಿಷ್ಠ ಮಿತಿ, ಅಷ್ಟು ತುಂಬಬೇಕಂತ ಅಲ್ಲ. ಹಂಗಂತ ತೀರಾ ಇಳಿಸಿದ್ರೆ ಕಲ್ಲು ಬಡಿದಾಗ ಟ್ಯೂಬು ರಿಮ್ಮಿನ ನಡುವೆ ಸಿಕ್ಕು ಹಾವು ಕಚ್ಚಿದಂಗ ಎರಡು ತೂತು ಬೀಳ್ತಾವೆ. ಹೆಬ್ಬೆರಳಿಂದ ಒತ್ತಿ ನೋಡೋದು ಬಿಡ್ರಿ, ಗೇಜ್ ಇರೋ ಪಂಪ್ ತಗೊಳ್ರಿ.

ದಪ್ಪ ಟೈರ್ ಅಂದ ಮಾತ್ರಕ್ಕೆ ಜಾಲಿಮುಳ್ಳು ನಿಲ್ಲಂಗಿಲ್ಲ. ಪಂಚರ್ ಆದ್ರೆ ಹೊಸ ಟ್ಯೂಬ್ ಹಾಕೋಕೆ ಮುಂಚೆ ಟೈರಿನ ಒಳಗೆ ಅರಿವೆ ಆಡಿಸಿ ನೋಡ್ರಿ, ಮುರಿದ ಮುಳ್ಳಿನ ತುದಿ ಅಲ್ಲೇ ಕುಂತಿರ್ತದೆ. ಟ್ಯೂಬ್‌ಲೆಸ್ ಮಾಡಿಸಿದ್ರೆ ಒಳಗಿನ ದ್ರವವೇ ಸಣ್ಣ ತೂತು ಮುಚ್ಚತದ, ಆದ್ರೆ ನಮ್ಮ ಬ್ಯಾಸಿಗಿಗೆ ಅದು ಬೇಗ ಒಣಗ್ತದೆ. ನಾನಂತೂ ಎರಡು ಟ್ಯೂಬ್, ಹಳೇ ಟೈರಿನ ಒಂದು ತುಂಡು ಒಯ್ಯತೀನಿ. ಮಗ್ಗಲು ಹರಿದ್ರೆ ಆ ತುಂಡು ಒಳಗಿಟ್ಟು ಮೆಲ್ಲಗೆ ಮನಿ ಮುಟ್ಟಬಹುದು.

ಇನ್ನು ಎರಿ ಮಣ್ಣು. ಒಂದು ಮಳಿ ಬಿದ್ರೆ ಸಾಕು, ಗಾಲಿಗೆ ಸುತ್ತಿ ಫೋರ್ಕಿನಾಗ ತುಂಬಿ ಸೈಕಲ್ ಅಲ್ಲೇ ನಿಲ್ತದೆ. ಅಂಗಡಿಯವರು "ಇನ್ನೂ ದಪ್ಪಂದು ಹಿಡೀತದ" ಅಂದ್ರೂ ಟೈರಿನ ಎರಡೂ ಮಗ್ಗಲಿಗೆ ಕಿರುಬೆರಳಷ್ಟು ಜಾಗ ಉಳೀಬೇಕು.

ಈ ರವಿವಾರ ಮಾವನ ಮಗನೂ ಬರ್ತೀನಿ ಅಂದಾನೆ. ಅವನ ಸೈಕಲ್ಲಿಗೆ 32ಕ್ಕಿಂತ ದಪ್ಪ ಟೈರ್ ಕೂಡಂಗಿಲ್ಲ. ಗಜೇಂದ್ರಗಡದ ಕಾಲಕಾಲೇಶ್ವರ ಗುಡಿತನಕ ಕರ್ಕೊಂಡು ಹೋಗಿ, ಬಂದ ಡಾಂಬರಿನಾಗ ಹೊಳ್ಳಿ ಬಾ ಅಂತ ಹೇಳೀನಿ. ಇನ್ನೂ ಒಪ್ಪಿಲ್ಲ.