ಸ್ಪ್ರೂಸ್ ಮರದ ಬಿಳಿ ಚುಕ್ಕೆ, ಬಿಲ್ಲಿನಲ್ಲಿ ಕಾಣದ ಖರ್ಚು

ಮಿನೆಸೋಟದ ಕನ್ನಡ ಬಂಧುಗಳೇ, ಚಾರ್ಟರ್ಡ್ ಅಕೌಂಟೆಂಟ್ ಮಾತಾಡ್ತಾರೆ, ತೆರಿಗೆ ಉಳಿಸೋ ದಾರಿ ಹೇಳ್ತಾರೆ ಅಂತ ಬಂದಿದ್ದರೆ ಕ್ಷಮಿಸಿ. ಇವತ್ತು ಮರದ ಮಾತು.

ನಮ್ಮಲ್ಲಿ ಅನೇಕರ ಮನೆ ಎದುರು ನೀಲಿ ಸ್ಪ್ರೂಸ್ ಇದೆ. ಅದರ ಸೂಜಿಯಂಥ ಎಲೆಗಳ ಮೇಲೆ ಸುಣ್ಣ ಸಿಡಿದಂತೆ ಬಿಳಿ ಚುಕ್ಕೆ ಕಂಡರೆ, ಅದು ಪೈನ್ ನೀಡಲ್ ಸ್ಕೇಲ್ ಎಂಬ ಶಲ್ಕ ಕೀಟವಿರಬಹುದು. ಸುಮಾರು 3 ಮಿಲಿಮೀಟರ್ ಉದ್ದದ ಮೇಣದ ಚಿಪ್ಪು. ಒಳಗೆ ಕೂತು ರಸ ಹೀರುವ ಹುಳು. ಚಳಿಗಾಲದಲ್ಲಿ ತಾಯಿ ಸತ್ತಿರುತ್ತದೆ, ಅದರ ಚಿಪ್ಪಿನಡಿ ಕೆಂಪು ಮೊಟ್ಟೆಗಳು ಬೆಚ್ಚಗಿರುತ್ತವೆ. ಮೇ ತಿಂಗಳಲ್ಲಿ, ಲೈಲಾಕ್ ಹೂ ಬಿಡುವ ಹೊತ್ತಿಗೆ, ಮರಿಗಳು ಹೊರಬಂದು ತೆವಳುತ್ತವೆ. ಒಂದು ಕಡೆ ಬಾಯಿ ಚುಚ್ಚಿ ಕೂತವೆಂದರೆ ಮುಗಿಯಿತು, ಮತ್ತೆ ಮೇಣದ ಕೋಟೆ. ಮೇಲಿಂದ ಸಿಂಪಡಿಸಿದ ಔಷಧಿ ಆ ಕೋಟೆಯೊಳಗೆ ಇಳಿಯುವುದು ಕಷ್ಟ.

ಆದರೆ ಆ ಔಷಧಿ ಬೇರೆ ಯಾರಿಗೋ ತಗಲುತ್ತದೆ. ಈ ಕೀಟವನ್ನು ತಿನ್ನುವ ಗುಲಗಂಜಿ ಹುಳುಗಳಿವೆ. ಕಪ್ಪು ಮೈ, ಎರಡೇ ಕೆಂಪು ಚುಕ್ಕೆ ಇರುವ ಜಾತಿ ಅವುಗಳಲ್ಲೊಂದು. ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಜಗಳೂ ಇವೆ, ಚಿಪ್ಪಿನೊಳಗೇ ಮೊಟ್ಟೆ ಇಡುತ್ತವೆ. ಇವಕ್ಕೆ ಕೋಟೆ ಇಲ್ಲ, ಬಯಲಲ್ಲಿ ಓಡಾಡಿಕೊಂಡಿರುತ್ತವೆ.

ಕ್ಯಾಲಿಫೋರ್ನಿಯಾದ ಸೌತ್ ಲೇಕ್ ತಾಹೋ ಊರಿನಲ್ಲಿ 1960ರ ದಶಕದಲ್ಲಿ ಸೊಳ್ಳೆ ಓಡಿಸಲು ಮ್ಯಾಲಥಿಯಾನ್ ಹೊಗೆ ಬಿಡುತ್ತಿದ್ದರು. ಅಲ್ಲಿನ ಪೈನ್ ಮರಗಳಲ್ಲಿ ಇದೇ ಬಿಳಿ ಕೀಟ ವಿಪರೀತ ಹೆಚ್ಚಿತು. ಹೊಗೆ ನಿಲ್ಲಿಸಿದ ಮೇಲೆ ಗುಲಗಂಜಿ ಹುಳು, ಕಣಜಗಳು ಮರಳಿದವು, ಕೀಟ ಇಳಿಯಿತು. ರಾಬರ್ಟ್ ಲಕ್ ಮತ್ತು ಡೊನಾಲ್ಡ್ ಡಾಲ್‌ಸ್ಟೆನ್ 1975ರಲ್ಲಿ ಇದನ್ನು ದಾಖಲಿಸಿದರು. ಸೊಳ್ಳೆ ಖಾತೆಯ ಖರ್ಚು ಮರದ ಖಾತೆಗೆ ಬಿದ್ದಿತ್ತು, ಯಾವ ಲೆಡ್ಜರಿನಲ್ಲೂ ಕಾಣದೆ! ನನ್ನಂಥವನಿಗೆ ನಿದ್ದೆ ಕೆಡಿಸುವುದು ಇಂಥ ಖರ್ಚೇ.

ಊರಿನ ಕಡೆಯೂ ಇಂಥದ್ದು ನಡೆದಿದೆ. ಪಪ್ಪಾಯಿ ತೋಟಗಳಿಗೆ ಹಿಟ್ಟು ತಿಗಣೆ ಬಂದಾಗ, 2010ರಲ್ಲಿ ಪೋರ್ಟೊ ರಿಕೊದಿಂದ ಪುಟ್ಟ ಕಣಜಗಳನ್ನು ಬೆಂಗಳೂರಿನ ಸಂಸ್ಥೆಗೆ ತರಿಸಿ ಬಿಟ್ಟರು. ಔಷಧಿಗೆ ಬಗ್ಗದ್ದು ಕಣಜಕ್ಕೆ ಬಗ್ಗಿತು.

ಈಗ ವಿಷಯಕ್ಕೆ ಬರುತ್ತೇನೆ. ನಾನು ಲೆಕ್ಕ ನೋಡುವ ಒಂದು ವಸತಿ ಸಂಘಕ್ಕೆ ಕೊಟೇಶನ್ ಬಂದಿದೆ: ಬೇಸಿಗೆ ಪೂರ್ತಿ ತಿಂಗಳಿಗೊಮ್ಮೆ ಎಲ್ಲ ಸ್ಪ್ರೂಸ್‌ಗಳಿಗೂ ಕೀಟನಾಶಕ. ಒಂದೇ ಸಲ ಹಣ ಕಟ್ಟಿದರೆ ರಿಯಾಯಿತಿ ಬೇರೆ. ಹುಳು ಜೋರಾಗಿದ್ದರೆ ಕೊಂಬೆಗಳೇ ಒಣಗುತ್ತವೆ, ಆದ್ದರಿಂದ ನೆರೆಯವರ ಭಯ ಸುಳ್ಳಲ್ಲ. ನಾನು ಕೇಳಿದ್ದು ಇಷ್ಟೇ: ಮೊದಲು ಒಂದು ಭೂತಗನ್ನಡಿ ತಗೊಂಡು ನೋಡೋಣ. ಚಿಪ್ಪಿನಲ್ಲಿ ದುಂಡನೆಯ ತೂತಿದ್ದರೆ ಕಣಜ ಹೊರಬಂದು ಹೋಗಿದೆ ಎಂದರ್ಥ. ಆ ಮರ ಮುಟ್ಟಬೇಡಿ. ತೀರಾ ಕೆಟ್ಟ ಮರಗಳಿಗೆ ಮಾತ್ರ, ಮರಿ ತೆವಳುವ ದಿನಗಳಲ್ಲಿ, ಉಳಿದ ಹುಳುಗಳಿಗೆ ಹೆಚ್ಚು ತೊಂದರೆ ಕೊಡದ ಔಷಧಿ ಕೇಳಿ ಹಾಕಿಸಿ. ತೋಟದ ಎಣ್ಣೆ ಹೊಡೆಸುವ ಮುನ್ನ ಯೋಚಿಸಿ, ಅದು ನೀಲಿ ಸ್ಪ್ರೂಸಿನ ನೀಲಿಯನ್ನೇ ತೊಳೆದುಬಿಡುತ್ತದೆ.

ಮತ ಹಾಕುವುದು ಬರುವ ಮಂಗಳವಾರ. ಆ ಸಂಘದ ಇಬ್ಬರು ಸದಸ್ಯರು ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಭೂತಗನ್ನಡಿ ನನ್ನ ಚೀಲದಲ್ಲಿದೆ, ಊಟದ ವಿರಾಮದಲ್ಲಿ ಪಾರ್ಕಿಂಗ್ ಪಕ್ಕದ ಮರದ ಹತ್ತಿರ ಸಿಗೋಣ.