ಐದನೇ ನಂಬರಿನ 11 ಅಂಕ

(ಜತ್ತ ತಾಲೂಕಿನ ಗಡಿಭಾಗದ ಯುವಕ-ಯುವತಿಯರ ಎದುರು ಆಡಿದ ಮಾತು. ಆಡಿದ ಧಾಟಿಯಲ್ಲೇ ಇಲ್ಲಿ ಹಾಕಿದ್ದೇವೆ. ಓದಿ, ಗೆಳೆಯರಿಗೂ ಕಳಿಸಿ.)

ಉಮದಿ, ಸಂಖ, ಬಿಳೂರ, ಗುಡ್ಡಾಪುರ, ಮಾಡಗ್ಯಾಳ ಕಡೆಯಿಂದ ಬಂದ ತಮ್ಮಂದಿರೇ, ತಂಗಿಯರೇ, ಹೊರಗ ನಿಂತ ಗಾಡಿ ನೋಡಿದ್ರ ಗೊತ್ತಾಗತೈತಿ, ನಿಮ್ಮಲ್ಲಿ ಮುಕ್ಕಾಲು ಮಂದಿ ಬೈಕ್ ಮೇಲೇ ಬಂದೀರಿ. ಒಂದೊಂದು ಗಾಡಿ ಮೇಲೆ ಮೂರು ಮಂದಿ ಬಂದವರೂ ಇದ್ದೀರಿ, ಅದನ್ನ ಆಮೇಲೆ ಮಾತಾಡೋಣ. ಬೈಕ್ ಅಂದ್ರ ನಮ್ಮ ಹುಡುಗರಿಗೆ ಜೀವ. ಹಂಗಾಗಿ ಇವತ್ತಿನ ಮಾತೂ ಬೈಕಿಂದೇ ಇರಲಿ. ಒಬ್ಬ ರೇಸರ್‌ನ ಒಂದು ವರ್ಷದ ಕಥೆ ಹೇಳತೀನಿ. ಹೆಸರು ಐಶ್ವರ್ಯಾ ಪಿಸ್ಸೆ. ಊರು ಬೆಂಗಳೂರು. ವರ್ಷ 2019.

ರೇಸಿನವರು ಒಂದು ವರ್ಷದ ಪೂರ್ತಿ ಸ್ಪರ್ಧೆಗೆ ಸೀಸನ್ ಅಂತಾರೆ. ನಮ್ಮ ಭಾಷೆಯಲ್ಲಿ ಅದಕ್ಕೆ ಚೊಲೋ ಶಬ್ದ ಐತಿ: ಹಂಗಾಮು. ಒಕ್ಕಲುತನದ ಮನೆಯ ಮಕ್ಕಳಿಗೆ ಹಂಗಾಮು ಅಂದ್ರೇನು ಅಂತ ಯಾರೂ ಕಲಿಸೋದು ಬೇಕಾಗಿಲ್ಲ. ಒಂದು ಮಳೆ ಬಂದ ಕೂಡಲೇ ಹಂಗಾಮು ಗೆದ್ದಂಗಲ್ಲ, ಒಂದು ಮಳೆ ಕೈಕೊಟ್ಟ ಕೂಡಲೇ ಸೋತಂಗೂ ಅಲ್ಲ. ರಾಶಿ ಆದ ಮೇಲೇ ಲೆಕ್ಕ.

ಆದ್ರೂ ಶರ್ಯತ್ತು ಅಂದ ಕೂಡಲೇ ನಮ್ಮ ಕಣ್ಮುಂದೆ ಬರೋದು ಎತ್ತಿನ ಗಾಡಿ ಶರ್ಯತ್ತು. ಸುಪ್ರೀಂ ಕೋರ್ಟು 2014ರಲ್ಲಿ ಬಂದ್ ಮಾಡಿದ್ದ ಆ ಓಟಕ್ಕೆ ಮಹಾರಾಷ್ಟ್ರದಲ್ಲಿ 2021ರ ಡಿಸೆಂಬರಿನಲ್ಲಿ ಮತ್ತೆ ಪರವಾನಗಿ ಸಿಕ್ಕಾಗ ಸಾಂಗಲಿ ಜಿಲ್ಲೆಯಲ್ಲಿ ಎಷ್ಟು ಸಂಭ್ರಮ ಇತ್ತು, ನಿಮಗೇ ಗೊತ್ತು. ಅಲ್ಲಿ ಒಂದು ದಿನದ ಆಟ. ಮೊದಲು ಬಂದವನಿಗೆ ಗುಲಾಲು, ಹಲಗಿ, ಮೆರವಣಿಗೆ. ಐದನೆಯವನು ಎತ್ತು ಹೊಡಕೊಂಡು ಸುಮ್ಮನೆ ಮನೆಗೆ ಹೋಗತಾನ, ಅವನ ಹೆಸರು ಯಾರೂ ಕೇಳೋದಿಲ್ಲ. ನಮ್ಮ ತಲೆಯಲ್ಲಿ ಗೆಲುವು ಅಂದ್ರ ಇಷ್ಟೇ ಕೂತುಬಿಟ್ಟೈತಿ. ಐಶ್ವರ್ಯಾ ಅವರ ಹಂಗಾಮು ಹಂಗಲ್ಲ, ಅಲ್ಲಿ ಐದನೇ ನಂಬರೇ ದೊಡ್ಡ ಕೆಲಸ ಮಾಡಿತು. ಅದನ್ನ ಹೇಳಾಕೇ ನಿಂತೀನಿ.

ಮೊದಲು ಆ ರೇಸು ಎಂಥಾದ್ದು ನೋಡೋಣ. ಅದಕ್ಕೆ ಬಾಹಾ ಅಂತಾರೆ. ಮೆಕ್ಸಿಕೋ ದೇಶದ ಬಾಹಾ ಕ್ಯಾಲಿಫೋರ್ನಿಯಾ ಅನ್ನೋ ಒಣ ಭೂಮಿಯಿಂದ ಬಂದ ಹೆಸರು. 1960ರ ದಶಕದಲ್ಲಿ ಅಲ್ಲಿ ಮರುಭೂಮಿ ದಾಟೋ ರೇಸು ಶುರುವಾಯ್ತು. ಡಾಂಬರು ಇಲ್ಲ. ಮರಳು, ಕಲ್ಲು, ಗರಸು, ಹಳ್ಳ, ಧೂಳು. ಹೆಚ್ಚಾಗಿ ಎರಡು-ಮೂರು ದಿನದ ಆಟ, ನೂರಾರು ಕಿಲೋಮೀಟರು ಹಾದಿ. ಎಲ್ಲರೂ ಒಮ್ಮೆಗೇ ಸಾಲಾಗಿ ಹೊರಡೋದಿಲ್ಲ, ಒಬ್ಬರ ಹಿಂದೆ ಒಬ್ಬರನ್ನ ಹೊತ್ತು ನೋಡಿ ಬಿಡತಾರೆ. ಕೊನೆಗೆ ಯಾರು ಕಡಿಮೆ ಹೊತ್ತು ತಗೊಂಡ್ರು ಅನ್ನೋದೇ ಲೆಕ್ಕ.

ಇಂಥಾ ರ್‍ಯಾಲಿಯಲ್ಲಿ ಸವಾರರ ಮುಂದೆ ಇರೋದು ರೋಡ್‌ಬುಕ್. ಹ್ಯಾಂಡಲಿನ ಮುಂದೆ ಪೆಟ್ಟಿಗೆಯಲ್ಲಿ ಸುರುಳಿ ಸುತ್ತಿದ ಕಾಗದ. ಇಷ್ಟು ದೂರಕ್ಕೆ ಎಡ ಹೊರಳು, ಇಷ್ಟು ದೂರಕ್ಕೆ ಹಳ್ಳ, ಇಲ್ಲಿ ಅಪಾಯ, ಎಲ್ಲಾ ಬಾಣ, ಗೆರೆ, ಗುರುತಿನಲ್ಲಿ. ಅಪಾಯ ಹೆಚ್ಚಿದಂಗ ಆಶ್ಚರ್ಯಸೂಚಕ ಚಿಹ್ನೆ ಒಂದು, ಎರಡು, ಮೂರು ಆಗತಾವ. ಓಡಿಸ್ತಾ ಓಡಿಸ್ತಾ ಅದನ್ನ ಓದಬೇಕು. ಬಸ್ಸಿನ ಬೋರ್ಡು ಒಂದು ಭಾಷೆ, ಪುಸ್ತಕ ಇನ್ನೊಂದು ಭಾಷೆ, ಫಾರ್ಮು ಮೂರನೇ ಭಾಷೆ ಓದಿ ಬೆಳೆದ ನಮ್ಮ ಹುಡುಗರಿಗೆ ಈ ವಿದ್ಯೆ ಕಠಿಣ ಆಗಲಿಕ್ಕಿಲ್ಲ ಅಂತ ನನಗೆ ಅನಸ್ತೈತಿ. (ನಗು)

ಈಗ ಕಥೆಗೆ ಬರೋಣ. ಐಶ್ವರ್ಯಾ ದೇಶದೊಳಗ ಹೆಸರು ಮಾಡಿದವರು. ರಾಷ್ಟ್ರೀಯ ರ್‍ಯಾಲಿಯ ಮಹಿಳಾ ವಿಭಾಗದಲ್ಲಿ ಗೆದ್ದವರು. 2017ರಲ್ಲಿ ಕಾಲರ್ ಬೋನ್ ಮುರಿದು, ಆಪರೇಷನ್ ಮಾಡಿಸಿ, ಪ್ಲೇಟು ಹಾಕಿಸಿಕೊಂಡು ಮತ್ತೆ ಗಾಡಿ ಹತ್ತಿದವರು. ಮರುವರ್ಷ, 2018ರಲ್ಲಿ, ಸ್ಪೇನಿನ ಬಾಹಾ ಅರಗಾನ್ ರೇಸಿಗೆ ಹೋದರು. ಹೊರದೇಶದ ಅಂಥಾ ರೇಸಿನಲ್ಲಿ ಮೊದಲ ಹೆಜ್ಜೆ ಅದು. ಅಲ್ಲಿ ಬಿದ್ದರು. ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿ ಹರಿದುಹೋಯ್ತು. ಮುರಿದ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬರೋ ಗಾಯ ಅಲ್ಲ ಅದು. ರೇಸು ಬಿಡು, ಜೀವಕ್ಕೇ ಕುತ್ತು ತರೋ ಗಾಯ.

ಆ ಹಂಗಾಮು ಅಲ್ಲಿಗೆ ಮುಗೀತು. ಇನ್ನು ಮುಂದಿನ ವರ್ಷ.

2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್ಪಿನಲ್ಲಿ ಅವರು ಓಡಿಸಿದ್ದು ನಾಲ್ಕು ಕಡೆ. ಮೊದಲು ದುಬೈ. ಮರಳು ದಿಬ್ಬದ ಮೇಲಿನ ಆಟ. ಮಹಿಳಾ ವಿಭಾಗದಲ್ಲಿ ಐಶ್ವರ್ಯಾ ಮೊದಲ ನಂಬರು. ಪೂರ್ತಿ 25 ಅಂಕ.

ಆಮೇಲೆ ಪೋರ್ಚುಗಲ್. ಅಲ್ಲಿ ಮೂರನೇ ನಂಬರು. 16 ಅಂಕ.

ಆಮೇಲೆ ಸ್ಪೇನು. ಹೌದು, ಹಿಂದಿನ ವರ್ಷ ಬಿದ್ದ ಅದೇ ಬಾಹಾ ಅರಗಾನ್, ಅದೇ ತೆರುಯೆಲ್ ಸೀಮೆಯ ಒಣ ಗುಡ್ಡದ ಹಾದಿ. ಅಲ್ಲಿ ಐದನೇ ನಂಬರು. 11 ಅಂಕ. ಪೇಪರಿನಲ್ಲಿ ನೋಡಿದ್ರ ನಾಲ್ಕರೊಳಗ ಇದೇ ಎಲ್ಲಕ್ಕಿಂತ ಕೆಟ್ಟ ಫಲಿತಾಂಶ. ಮೊದಲು, ಮೂರನೇದು, ಈಗ ಐದನೇದು. ನಮ್ಮ ಊರ ಕಟ್ಟೆ ಮೇಲೆ ಕೂತವರಾದ್ರ ಏನಂತಿದ್ರು? 'ದಿನಾ ಇಳೀಲಿಕ್ಕೆ ಹತ್ತಾಳ, ಮುಗೀತು ಬಿಡು' ಅಂತಿದ್ರು.

ಕೊನೆಗೆ ಆಗಸ್ಟಿನಲ್ಲಿ ಹಂಗೇರಿ. ವಾರ್‌ಪಲೋಟಾ ಅನ್ನೋ ಊರು. ಅಲ್ಲಿ ನಾಲ್ಕನೇ ನಂಬರು. 13 ಅಂಕ.

ಈಗ ಕೂಡಿಸ್ರಿ. ಮೊಬೈಲ್ ಬ್ಯಾಡ, ಬಾಯಲ್ಲೇ ಕೂಡಿಸ್ರಿ. 25ಕ್ಕೆ 16 ಕೂಡಿಸಿದ್ರ 41. ಅದಕ್ಕೆ 11, 52. ಅದಕ್ಕೆ 13, ಒಟ್ಟು 65. ಅವರ ಬೆನ್ನು ಹತ್ತಿದ್ದ ಪೋರ್ಚುಗಲ್ಲಿನ ರೀಟಾ ವಿಯೇರಾ ಅವರದು 61. ನಾಲ್ಕೇ ನಾಲ್ಕು ಅಂಕದ ಅಂತರ. 23 ವರ್ಷದ ಐಶ್ವರ್ಯಾ ಪಿಸ್ಸೆ ಮಹಿಳಾ ವಿಭಾಗದ ವಿಶ್ವಕಪ್ ಗೆದ್ದರು. ಮೋಟಾರ್ ಸ್ಪೋರ್ಟ್ಸ್‌ನಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಭಾರತೀಯರು ಅಂತ ಪತ್ರಿಕೆಗಳು ಬರೆದವು.

ಇನ್ನೊಂದು ಲೆಕ್ಕ ಮಾಡೋಣ. 65ರಲ್ಲಿ ಸ್ಪೇನಿನ 11 ತೆಗೀರಿ. ಎಷ್ಟು ಉಳೀತು? 54. ಅಂದ್ರ ಹಿಂದಿನ ವರ್ಷದಂಗೆ ಆ ವರ್ಷವೂ ಸ್ಪೇನಿನಲ್ಲಿ ಬಿದ್ದು ಹೊರಗೆ ಹೋಗಿದ್ದರೆ, ದುಬೈಯಲ್ಲಿ ಗೆದ್ದ 25 ಅಂಕ ಇದ್ದೂ ಕಪ್ಪು ಬರ್ತಿರಲಿಲ್ಲ. ದುಬೈ ಗೆಲುವಿನ ಫೋಟೋ ಎಲ್ಲರೂ ಹಂಚಿಕೊಂಡಿರ್ತಾರೆ. ಸ್ಪೇನಿನ ಐದನೇ ನಂಬರಿಗೆ ಯಾರು ಪಟಾಕಿ ಹೊಡೀತಾರೆ? ಆದ್ರ ಕಪ್ಪು ಮನೆಗೆ ಬಂದದ್ದು ಆ 11 ಅಂಕ ಕೂಡಿದ್ದಕ್ಕೆ. ಜೀವ ಕಳಕೊಳ್ಳೋ ಹಂಗ ಬಿದ್ದ ಜಾಗಕ್ಕೇ ವಾಪಸ್ ಹೋಗಿ, ಗಾಡಿ ಮುರೀದಂಗ, ಮೈ ಮುರೀದಂಗ, ಕೊನೆಯ ಗೆರೆ ದಾಟಿ ಬಂದದ್ದಕ್ಕೆ.

ಇನ್ನೊಂದು ಮಾತು, ಇದನ್ನ ತಂಗಿಯರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಅದೇ ವರ್ಷ ಜೂನಿಯರ್ ವಿಭಾಗದಲ್ಲೂ ಅವರು 46 ಅಂಕ ತಗೊಂಡು ಎರಡನೇ ನಂಬರು ಬಂದರು. ಅಲ್ಲಿ ಮೊದಲು ಬಂದದ್ದು ಚಿಲಿ ದೇಶದ ಟೊಮಾಸ್ ಡಿ ಗವಾರ್ಡೊ, 60 ಅಂಕ. ಜೂನಿಯರ್ ವಿಭಾಗದಲ್ಲಿ ಹುಡುಗರು ಬೇರೆ, ಹುಡುಗಿಯರು ಬೇರೆ ಅಂತ ಇಲ್ಲ. ಹಾದಿಗೂ ಕಲ್ಲಿಗೂ ಆ ಭೇದ ಗೊತ್ತಿಲ್ಲ. ಹೆಣ್ಣುಮಗಳು ಸ್ಕೂಟಿ ಬಿಟ್ಟು ಗೇರಿನ ಗಾಡಿ ಹಿಡಿದ್ರ ಹುಬ್ಬು ಏರಿಸೋ ಮಂದಿ ನಮ್ಮ ಊರಾಗ ಇನ್ನೂ ಇದ್ದಾರೆ. ಅವರಿಗೆ ಈ 46 ಅಂಕ ತೋರಿಸ್ರಿ.

ಇದು ನಮಗ್ಯಾಕೆ? ನಾವೇನು ದುಬೈಗೆ ಹೋಗಿ ಮರಳಾಗ ಗಾಡಿ ಹೊಡೀತೀವೇನು?

ನೋಡ್ರಿ, ನಿಮ್ಮಲ್ಲಿ ಬಹಳ ಮಂದಿ ಪೊಲೀಸ್ ಭರ್ತಿಗೆ ತಯಾರಿ ಮಾಡಾಕತ್ತೀರಿ. ಮುಂಜಾನೆ ಕತ್ತಲಾಗ ರಸ್ತೆ ಮೇಲೆ ಓಡತೀರಿ. ಮೈದಾನದ ಪರೀಕ್ಷೆ 50 ಅಂಕ: ಹುಡುಗರಿಗೆ 1600 ಮೀಟರ್ ಓಟ 20, 100 ಮೀಟರ್ 15, ಗುಂಡು ಎಸೆತ 15. ಆಮೇಲೆ ಲೇಖಿ ಪರೀಕ್ಷೆ 100. ನಮ್ಮ ಹುಡುಗ ಏನು ಮಾಡತಾನ? ಓಟದಾಗ ಗಟ್ಟಿ ಇರತಾನ. ಗುಂಡು ಎಸೆತ ಕೈ ಹಿಡೀಲಿಲ್ಲ ಅಂದ್ರ 'ಅದು ನನ್ನ ಆಟ ಅಲ್ಲ' ಅಂತ ಬಿಟ್ಟುಬಿಡತಾನ. ಕನ್ನಡ ಶಾಲೆಯಲ್ಲಿ ಕಲಿತು ಬಂದವನಿಗೆ ಮರಾಠಿ ವ್ಯಾಕರಣದ ಪ್ರಶ್ನೆ ಬಂತು ಅಂದ್ರ ಆ ಪಾನೇ ತಿರುವೋದಿಲ್ಲ. ಆಮೇಲೆ ಯಾದಿ ಬರತೈತಿ, ಎರಡೋ ಮೂರೋ ಅಂಕಕ್ಕೆ ಹೆಸರು ಹೊರಗೆ.

ಆ ಎರಡು-ಮೂರು ಅಂಕ ಎಲ್ಲಿ ಹೋದವು? ನೀವು ಗಟ್ಟಿ ಇರೋ ಕಡೆ ಹೋಗಿಲ್ಲ. ಕಚ್ಚಾ ಇರೋ ಕಡೆ ಹೋಗ್ಯಾವ. ಅಲ್ಲಿ ಮೊದಲು ಬರೋದು ಬೇಕಾಗಿಲ್ಲ. ಐದನೇ ನಂಬರು ಬಂದ್ರ ಸಾಕು. ಕೈಗೆ ಬರದ ವಿಷಯದಾಗ ಶೂನ್ಯ ತಗೋಬಾರದು, ಇಷ್ಟೇ. ನಿಮ್ಮ ಸ್ಪೇನ್ ಯಾವುದು ಅಂತ ನಿಮಗೇ ಗೊತ್ತಿರತೈತಿ. ಕೆಲವರಿಗೆ ಇಂಗ್ಲಿಷು, ಕೆಲವರಿಗೆ ಗಣಿತ, ಕೆಲವರಿಗೆ ಒಮ್ಮೆ ಫೇಲಾದ ಕಾಲೇಜಿನ ಗೇಟು.

ಈಗ ಆಮೇಲೆ ಮಾತಾಡೋಣ ಅಂದಿದ್ದೆನಲ್ಲ, ಆ ಮಾತು. ನಗು ಸಾಕು, ಇದನ್ನ ಸ್ವಲ್ಪ ಗಂಭೀರ ಆಗಿ ಕೇಳ್ರಿ.

ಏರಿಳಿತದ ಕಥೆ ಹೇಳೋ ಹೊತ್ತಿನಲ್ಲಿ, ಏಳಲಾಗದಂಥ ಇಳಿತವೂ ಇರತೈತಿ ಅನ್ನೋದನ್ನ ಮುಚ್ಚಿಡಬಾರದು. ಬೆಂಗಳೂರಿನವರೇ ಆದ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ್‍ಯಾಲಿ ಪೂರ್ತಿ ಮುಗಿಸಿದ ಮೊದಲ ಭಾರತೀಯ, 36ನೇ ಸ್ಥಾನ. ಅಂಥಾ ಅನುಭವಿ 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಅದೇ ಡಾಕರಿನಲ್ಲಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ವೈದ್ಯರು ಔಷಧ ಕೊಟ್ಟು ಕೋಮಾದಲ್ಲಿಟ್ಟು ಉಳಿಸಬೇಕಾಯ್ತು. ಅವರು ಬದುಕಿ ಬಂದರು.

ಶ್ರೇಯಸ್ ಹರೀಶ್ ಬರಲಿಲ್ಲ. ಬೆಂಗಳೂರಿನ ಹುಡುಗ, 13 ವರ್ಷ. 2023ರ ಹಂಗಾಮಿನಲ್ಲಿ ಸಾಲಾಗಿ ನಾಲ್ಕು ರೇಸು ಗೆದ್ದಿದ್ದ. ಆಗಸ್ಟ್ 5ರಂದು ಚೆನ್ನೈ ಹತ್ತಿರದ ಸರ್ಕ್ಯೂಟಿನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್. ಅವತ್ತು ಎಲ್ಲರಿಗಿಂತ ಮುಂದೆ ನಿಂತು ರೇಸು ಶುರು ಮಾಡೋ ಜಾಗ ಗಳಿಸಿದ್ದ. ಶುರುವಾದ ಸ್ವಲ್ಪ ಹೊತ್ತಿನಲ್ಲಿ, ಮೊದಲ ತಿರುವು ದಾಟೋವಾಗ ಬಿದ್ದ. ತಲೆಗೆ ಪೆಟ್ಟು. ಆ ಹುಡುಗ ಉಳೀಲಿಲ್ಲ. ಉಳಿದ ರೇಸುಗಳನ್ನ ರದ್ದು ಮಾಡಿದರು.

ಯೋಚನೆ ಮಾಡ್ರಿ. ಅಲ್ಲಿ ಹೆಲ್ಮೆಟ್ ಇತ್ತು, ಚರ್ಮದ ಸೂಟು ಇತ್ತು, ಎದುರಿಂದ ಗಾಡಿ ಬರದ ಹಾದಿ ಇತ್ತು, ಬಿದ್ದ ಕೂಡಲೇ ರೇಸು ನಿಲ್ಲಿಸೋ ಕೆಂಪು ಬಾವುಟ ಇತ್ತು, ಅಂಬುಲೆನ್ಸು ಅಲ್ಲೇ ನಿಂತಿತ್ತು. ಇಷ್ಟಿದ್ದೂ ಹೋಯ್ತು. ನಮ್ಮ ಜತ್ತ-ವಿಜಯಪುರ ರಸ್ತೆ ಮೇಲೆ ಏನೈತಿ? ಕಬ್ಬಿನ ಟ್ರ್ಯಾಕ್ಟರು ಹಿಂದಿನ ಲೈಟು ಇಲ್ಲದೆ ನಿಂತಿರತೈತಿ. ಕುರಿ ಹಿಂಡು ಅಡ್ಡ ಬರತೈತಿ. ಮೈಮೇಲೆ ಒಂದು ಅಂಗಿ, ತಲೆ ಬೋಳು, ಹಿಂದೆ ಇಬ್ಬರು ಗೆಳೆಯರು. ಅದರ ಮೇಲೆ ರೀಲ್ಸ್ ಮಾಡಾಕ ಒಂದು ಕೈಯಲ್ಲಿ ಮೊಬೈಲು. ಗೆಳೆಯನನ್ನ ರಸ್ತೆಯಲ್ಲಿ ಕಳಕೊಂಡವರು ಈ ಸಭೆಯಲ್ಲೇ ಇದ್ದೀರಿ. ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ರಸ್ತೆ ಮೇಲಿನ ರೇಸಿಗೆ ಅಂಕ ಇಲ್ಲ, ಕಪ್ಪು ಇಲ್ಲ, ಮುಂದಿನ ಹಂಗಾಮೂ ಇಲ್ಲ.

ಕಾನೂನೂ ಒಂದೆರಡು ಮಾತು. ಗೇರಿನ ಬೈಕಿಗೆ 18 ತುಂಬಿ ಲೈಸೆನ್ಸ್ ಬೇಕು. 2019ರ ತಿದ್ದುಪಡಿ ಆದ ಮೇಲೆ, ಚಿಕ್ಕವರ ಕೈಗೆ ಗಾಡಿ ಕೊಟ್ಟ ಪಾಲಕರಿಗೆ, ಮಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಐತಿ. ಆ ಗಾಡಿಯ ನೋಂದಣಿ 12 ತಿಂಗಳು ರದ್ದು. ಸಿಕ್ಕ ಹುಡುಗನಿಗೆ 25 ವರ್ಷ ಆಗೋತನ ಲೈಸೆನ್ಸ್ ಸಿಗೋದಿಲ್ಲ. ಭರ್ತಿಗೆ ಓಡೋ ತಮ್ಮಂದಿರು ಇದನ್ನ ತಲೆಯಲ್ಲಿ ಇಟ್ಟುಕೊಳ್ಳಿ.

ಹಂಗಂತ ರೇಸರ್ ಆಗೋ ಆಸೆ ಇದ್ದವರಿಗೆ ಬ್ಯಾಡ ಅನ್ನೋದಿಲ್ಲ. ಆಸೆ ಇದ್ರ ಸರಿಯಾದ ಬಾಗಿಲಿನಿಂದ ಹೋಗ್ರಿ. ದೇಶದಲ್ಲಿ ಈ ಕ್ರೀಡೆ ನಡೆಸೋ ಸಂಸ್ಥೆ ಎಫ್‌ಎಂಎಸ್‌ಸಿಐ. ರೇಸಿಗೆ ಅವರ ಲೈಸೆನ್ಸ್ ಬೇಕು. ಮೊದಲು ತರಬೇತಿ ಶಾಲೆ, ಆಮೇಲೆ ಟ್ರ್ಯಾಕು. ಗಾಡಿ ಖರ್ಚು ಹೆಂಗ ಅಂತೀರಿ? ದೊಡ್ಡ ಕಂಪನಿಗಳು ಒನ್ ಮೇಕ್ ಅನ್ನೋ ಸ್ಪರ್ಧೆ ನಡೆಸ್ತಾವ. ಅಲ್ಲಿ ಎಲ್ಲರಿಗೂ ಒಂದೇ ನಮೂನೆಯ ಗಾಡಿ, ಕಂಪನಿಯೇ ಕೊಡತೈತಿ. ಅಪ್ಪನ ಹತ್ತಿರ ಎಷ್ಟು ದುಡ್ಡು ಐತಿ ಅನ್ನೋದಕ್ಕಿಂತ ನಿನ್ನ ಕೈಯಲ್ಲಿ ಏನೈತಿ ಅನ್ನೋದು ಅಲ್ಲಿ ಹೆಚ್ಚು ಕಾಣತೈತಿ. ಆಯ್ಕೆ ಶಿಬಿರದ ಸುದ್ದಿ ಕಂಪನಿಗಳ ಪೇಜಿನಲ್ಲೇ ಬರತಾವ. ರೀಲ್ಸ್ ನೋಡೋ ಹೊತ್ತಿನಲ್ಲಿ ಹತ್ತು ನಿಮಿಷ ಅದನ್ನೂ ನೋಡ್ರಿ. ಗಲ್ಲಿ ಗಲ್ಲಿಯಲ್ಲಿ ವ್ಹೀಲಿ ಹೊಡೆದವರಿಗೆ ಅಲ್ಲಿ ಜಾಗ ಇಲ್ಲ. ತಿರುವಿನಲ್ಲಿ ಬ್ರೇಕ್ ಎಲ್ಲಿ ಹಿಡೀಬೇಕು, ಎಲ್ಲಿ ಬಿಡಬೇಕು ಅಂತ ತಿಳಿದವರಿಗೆ ಐತಿ.

ಈಗ ಹೊರಗ ಹೋಗಿ ಗಾಡಿ ಹತ್ತತೀರಿ. ಒಂದು ಗಾಡಿಗೆ ಇಬ್ಬರೇ. ಮೂರನೆಯವರನ್ನ ಕರಕೊಂಡು ಹೋಗಾಕ ಇನ್ನೊಂದು ಗಾಡಿ ನಾವೇ ನೋಡಿಕೊಡತೀವಿ. ಹೆಲ್ಮೆಟ್ ಇದ್ದವರು ಹ್ಯಾಂಡಲಿಗೆ ತೂಗು ಹಾಕಬ್ಯಾಡ್ರಿ, ತಲೆಗೆ ಹಾಕ್ರಿ, ಪಟ್ಟಿ ಬಿಗೀರಿ. ಊರು ಮುಟ್ಟಿದ ಮೇಲೆ ಗ್ರೂಪಿಗೆ ಒಂದು ಮೆಸೇಜು ಹಾಕ್ರಿ. ಯಾರು ಮೊದಲು ಮುಟ್ಟಿದ್ರು ಅಂತ ನಾವು ಕೇಳೋದಿಲ್ಲ, ಎಲ್ಲರೂ ಮುಟ್ಟಿದ್ರೇನು ಅಂತ ಕೇಳತೀವಿ.