ಈ ರಾತ್ರಿ ಅವಳು ಎಲ್ಲಿ ಮಲಗಬೇಕು?

ಗೆಳತಿಯರೇ,

ಕಾನೂನಿನ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ನಾನು ವಕೀಲಳಲ್ಲ, ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ನನ್ನದೇ ಒಂದು ತಪ್ಪಿನಿಂದ ಶುರುಮಾಡುತ್ತೇನೆ.

1991ರಲ್ಲಿ, ಬಿ.ಎ. ಮುಗಿಸಿ ಮದುವೆಯಾಗಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳು ಸಂಜೆ ಹೊತ್ತಿನಲ್ಲಿ ಕೈಚೀಲ ಹಿಡಿದು ನಮ್ಮ ಮನೆಗೆ ಬಂದಳು. ‘ವರೋಪಚಾರ’ದಲ್ಲಿ ಬಾಕಿ ಉಳಿದಿದ್ದ ಸ್ಕೂಟರಿಗಾಗಿ ಹೊಡೆತ. ತವರಿನಲ್ಲಿ ಮದುವೆಯಾಗದ ಇಬ್ಬರು ತಂಗಿಯರು. "ಮೇಡಂ, ಎರಡು ದಿನ ಇಲ್ಲಿ ಇರಲಾ?" ಅಂದಳು. ಗಂಡನ ಮನೆಯವರ ಕ್ರೌರ್ಯವನ್ನು ಅಪರಾಧವೆಂದ 498-ಎ ಕಲಂ 1983ರಲ್ಲೇ ಬಂದಿತ್ತು; ವರದಕ್ಷಿಣೆ ಸಾವಿನ 304-ಬಿ 1986ರಲ್ಲಿ. (2024ರ ಜುಲೈನಿಂದ ಇವು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 80ನೇ ಕಲಂಗಳು.) ಎರಡರ ಬಗ್ಗೆಯೂ ನಾನು ಭಾಷಣ ಮಾಡಿದ್ದೆ! ಆದರೂ ಊಟ ಹಾಕಿ, ಮಾರನೆಯ ಬೆಳಿಗ್ಗೆ ನಾನೇ ಆಟೋದಲ್ಲಿ ಕರೆದುಕೊಂಡು ಹೋಗಿ ಅತ್ತೆಮನೆಗೆ ಬಿಟ್ಟು ಬಂದೆ. "ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಅಂದೆ. ಅವರು ಕೊಟ್ಟ ಕಾಫಿಯನ್ನೂ ಕುಡಿದೆ. ನಾಲ್ಕು ತಿಂಗಳಿಗೆ, ಸೀಮೆಎಣ್ಣೆ ಸ್ಟೌ ಸಿಡಿದು ಸತ್ತಳೆಂಬ ಸುದ್ದಿ ಬಂತು. ಆ ಕಾಫಿ ಕಾಸಿದ್ದು ಗ್ಯಾಸಿನ ಒಲೆಯಲ್ಲಿ. ಅದನ್ನು ಪೊಲೀಸರಿಗೆ ಹೇಳಲೂ ನಾನು ಹೋಗಲಿಲ್ಲ.

ಅವಳು ಅಂದು ಯಾರಿಗೂ ಶಿಕ್ಷೆ ಕೊಡಿಸಿ ಎಂದಿರಲಿಲ್ಲ, ಮಲಗಲು ಜಾಗ ಕೇಳಿದ್ದಳು. ಆಗಿನ ಕ್ರಿಮಿನಲ್ ಕಾನೂನಿಗೆ ಗಂಡನನ್ನು ಜೈಲಿಗೆ ಹಾಕುವುದು ಗೊತ್ತಿತ್ತೇ ಹೊರತು ಹೆಂಡತಿಗೊಂದು ಸೂರು ಕೊಡಿಸುವುದು ಗೊತ್ತಿರಲಿಲ್ಲ. ಠಾಣೆಗೆ ದೂರು ಕೊಟ್ಟವಳು ರಾತ್ರಿ ಅದೇ ಬಾಗಿಲು ತಟ್ಟಬೇಕಿತ್ತು.

ಕೌಟುಂಬಿಕ ದೌರ್ಜನ್ಯದ ವಿರುದ್ಧದ 2005ರ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಮನೆ ಯಾರ ಹೆಸರಿನಲ್ಲೇ ಇರಲಿ, ಬಾಳಿದ ಮನೆಯಲ್ಲಿ ಇರುವ ಹಕ್ಕು ಅವಳಿಗುಂಟು ಎಂದಿತು ಅದರ 17ನೇ ಕಲಂ. ಎರಡೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಅತ್ತೆಯ ಹೆಸರಿನ ಮನೆಯಲ್ಲಿ ಸೊಸೆಗೆ ಆ ಹಕ್ಕಿಲ್ಲ ಎಂದುಬಿಟ್ಟಿತು. ನಮ್ಮಲ್ಲಿ ಎಷ್ಟು ಮನೆಗಳು ಗಂಡನ ಹೆಸರಿನಲ್ಲಿವೆ, ನೀವೇ ಹೇಳಿ! ಆ ತಪ್ಪನ್ನು ಅದೇ ಕೋರ್ಟು ತಿದ್ದಿದ್ದು 2020ರ ಅಕ್ಟೋಬರಿನಲ್ಲಿ. ಈಗಲೂ ವಯಸ್ಸಾದ ಅತ್ತೆಮಾವಂದಿರ ಹಿತವನ್ನೂ ಕೋರ್ಟು ನೋಡುತ್ತದೆ. ಬೇರೆ ಮನೆಯನ್ನೋ ಬಾಡಿಗೆಯನ್ನೋ ಕೊಡಿಸಬಹುದು. ಕೊಡಿಸಲಿ, ಸೂರು ಸೂರೇ.

ಇದಕ್ಕೆ ಠಾಣೆಯ ಮೆಟ್ಟಿಲು ಹತ್ತಲೇಬೇಕೆಂದಿಲ್ಲ. ಮ್ಯಾಜಿಸ್ಟ್ರೇಟರಿಗೆ ನೇರವಾಗಿ ಅರ್ಜಿ ಕೊಡಬಹುದು, ಅವಳ ಪರವಾಗಿ ನೀವೂ ಕೊಡಬಹುದು. ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದೊಳಗೆ ಇತ್ಯರ್ಥಕ್ಕೆ ಪ್ರಯತ್ನ ಎನ್ನುತ್ತದೆ ಕಾಯ್ದೆ. ವಾಯಿದೆ ಮೇಲೆ ವಾಯಿದೆ ಬೀಳುವುದನ್ನು ನಾವೆಲ್ಲ ಕಂಡಿದ್ದೇವೆ. ಅದಕ್ಕೇ ಮೊದಲ ದಿನವೇ 23ನೇ ಕಲಂ ಪ್ರಕಾರ ಮಧ್ಯಂತರ ಆದೇಶ ಕೇಳಿ. ವಕೀಲರಿಗೆ ಹಣವಿಲ್ಲವೆಂದು ಯಾರೂ ಹಿಂದೆಗೆಯಬೇಡಿ. 1987ರ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

ಆದೇಶ ಬರುವ ತನಕದ ರಾತ್ರಿಗಳು? ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಈಗ ಒಂದು ಮಂಚ ಹಾಕಿಸಿದ್ದೇನೆ. ಈ ತಾಲ್ಲೂಕಿಗೆ ಒಂದು ಮಂಚ ಸಾಲದು. ನಿಮ್ಮಲ್ಲಿ ಯಾರ ಮನೆಯಲ್ಲಿ ಜಾಗವಿದೆಯೋ ಅವರು, ಮನೆಯವರನ್ನು ಕೇಳಿಕೊಂಡು, ಹೋಗುವ ಮುನ್ನ ಒಂದು ಚೀಟಿಯಲ್ಲಿ ವಿಳಾಸ ಬರೆದು ನನ್ನ ಕೈಗೆ ಕೊಡಿ.